ಎಚ್‌ಐವಿಯೊಂದಿಗೆ ಬದುಕುವ ಮುಂಬಯಿ ಕನ್ನಡಿಗರ ವಸತಿ: ಆಶ್ರಯಧಾಮವೋ, ಡಿಪಾಸಿಟ್ ನಿಧಿಯೋ?

ಮಾಟುಂಗಾ ನಿವಾಸಿ (ಚರ್ಚೆಯನ್ನು ಆರಂಭಿಸಿದವರು)

ಮಾನ್ಯ ಸದಸ್ಯರೇ,

ನಾನಿರುವ ಕನ್ನಡ ಸಂಘದ ಸಮಾಜ ಕಲ್ಯಾಣ ಉಪಸಮಿತಿಯ ಮುಂದೆ ಒಂದು ಪ್ರಸ್ತಾಪ ಬಂದಿದೆ. ಎಚ್‌ಐವಿ ಇರುವ ಕಾರಣಕ್ಕೆ ಮುಂಬಯಿಯಲ್ಲಿ ನೆಲೆ ಕಳೆದುಕೊಂಡ ನಮ್ಮವರಿಗಾಗಿ ಪನವೇಲ್‌ನ ಆಚೆ ಜಾಗ ಕೊಂಡು ಆಶ್ರಯಧಾಮ ಕಟ್ಟಬೇಕೆಂಬುದು ಅದರ ಸಾರ. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಟ್ಟಡ ಬೇಡ, ಆ ಹಣವನ್ನು ಬಾಡಿಗೆ ಮನೆಗಳ ಡಿಪಾಸಿಟ್ಟಿಗೆ ಬಳಸಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಬಲ್ಲವರು ಈ ವೇದಿಕೆಯಲ್ಲಿದ್ದಾರೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎಆರ್‌ಟಿ ಚಿಕಿತ್ಸೆಯನ್ನು, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಗಳನ್ನು, ಕೊಡಲು ಆರಂಭಿಸಿದಾಗ ಮುಂಬಯಿಯ ಜೆ.ಜೆ. ಆಸ್ಪತ್ರೆ ಮೊದಲ ಕೇಂದ್ರಗಳಲ್ಲಿ ಒಂದಾಗಿತ್ತು. ಅದಕ್ಕೂ ಮುಂಚೆ ಆಶ್ರಯಧಾಮವೆಂದರೆ ಬಹುಪಾಲು ಕೊನೆಯ ದಿನಗಳನ್ನು ಕಳೆಯುವ ತಾಣವಾಗಿತ್ತು, ಮತ್ತು ಅಂದಿನ ಸ್ಥಿತಿಯಲ್ಲಿ ಅದು ಅಗತ್ಯವೂ ಆಗಿತ್ತು. ಇಂದು ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಮೂವತ್ತೈದರ ಹರೆಯದಲ್ಲಿ ಸೋಂಕು ಪತ್ತೆಯಾದ ವ್ಯಕ್ತಿಯ ಮುಂದೆ ಇನ್ನೂ ದಶಕಗಳ ದುಡಿಮೆ ಇದೆ. ಅವನಿಗೆ ಬೇಕಾಗಿರುವುದು ಲೋಕಲ್ ರೈಲಿನಲ್ಲಿ ಕೆಲಸಕ್ಕೂ ಎಆರ್‌ಟಿ ಕೇಂದ್ರಕ್ಕೂ ಹೋಗಿ ಬರಬಹುದಾದ ಒಂದು ಖೋಲಿ. ಪನವೇಲ್‌ನ ಆಚೆಯ ಧಾಮ ಅವನನ್ನು ಎರಡರಿಂದಲೂ ದೂರ ಮಾಡುತ್ತದೆ. ಅದರ ಜೊತೆಗೆ, ರಿಕ್ಷಾ ಸ್ಟ್ಯಾಂಡಿನಲ್ಲಿ ಆ ಕಟ್ಟಡದ ಹೆಸರು ಹೇಳಿದೊಡನೆ ಇಳಿಯುವವರ ಕಾಯಿಲೆ ಯಾವುದೆಂದು ಎಲ್ಲರಿಗೂ ತಿಳಿಯುತ್ತದೆ.

ಇನ್ನು ಡಿಪಾಸಿಟ್ಟಿನ ಮಾತು. ಇಲ್ಲಿ ಬಾಡಿಗೆ ಎಂದರೆ 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ಒಬ್ಬ ಕೆಲಸಗಾರನಿಗೆ ಕ್ಷಯ ತಗುಲಿ ಎರಡು ತಿಂಗಳು ದುಡಿಮೆ ನಿಂತರೆ ಮಾಲೀಕರು ಬಾಡಿಗೆಯನ್ನು ಡಿಪಾಸಿಟ್ಟಿನಿಂದ ಮುರಿದುಕೊಳ್ಳುತ್ತಾರೆ, ಮತ್ತು ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಕರಾರು ಮುಗಿಯುವ ಹೊತ್ತಿಗೆ ಕೈಗೆ ಏನೂ ಮರಳುವುದಿಲ್ಲ. ಹೊಸ ಖೋಲಿಗೆ ಮತ್ತೆ ಡಿಪಾಸಿಟ್, ದಲಾಲಿ, ನೋಂದಣಿಯ ಖರ್ಚು. ಬಾಡಿಗೆ ಕಟ್ಟುವ ಶಕ್ತಿ ಮರಳಿದ ಮೇಲೂ ಒಳಗೆ ಕಾಲಿಡುವ ಶಕ್ತಿ ಮರಳಿರುವುದಿಲ್ಲ.

ಕ್ಷೇತ್ರ ಕಾರ್ಯಕರ್ತೆ, ಗ್ರಾಂಟ್ ರೋಡ್

ಮಾಟುಂಗಾದ ಮಾನ್ಯರು ಹೇಳಿದ್ದು ಕೆಲಸಗಾರ ಗಂಡಸರ ಮಟ್ಟಿಗೆ ಸರಿ. ನಾನು ಲೈಂಗಿಕ ಕಾರ್ಯಕರ್ತೆಯರು ವಾಸಿಸುವ ಕಾಮಾಠಿಪುರದ ಗಲ್ಲಿಗಳಲ್ಲಿ ಕೆಲಸ ಮಾಡುವವಳು. ಅಲ್ಲಿಯ ಕಥೆ ಕರಾರಿಗಿಂತಲೂ ಹಿಂದಿನಿಂದ ಶುರುವಾಗುತ್ತದೆ.

ಅಲ್ಲಿರುವ ಕನ್ನಡದ ಹೆಂಗಸರಲ್ಲಿ ಹಲವರು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರು. ಕೆಲವರು ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡವರು. ಕರ್ನಾಟಕ 1982ರಲ್ಲೇ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ್ದರೂ, ಕದ್ದು ನಡೆದ ಸಮರ್ಪಣೆಗಳು ಅದರ ನಂತರವೂ ನಿಲ್ಲಲಿಲ್ಲ. ಇವರು ಬಾಡಿಗೆ ಕೊಡುವುದು ಕೋಣೆಗಲ್ಲ, ಒಂದು ಮಂಚಕ್ಕೆ, ಅದೂ ದಿನದ ಲೆಕ್ಕದಲ್ಲಿ. ರಸೀದಿ ಇಲ್ಲ, ಕರಾರಿಲ್ಲ. ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ ಕೈಗೆತ್ತಿಕೊಂಡಿರುವ ಕಾಮಾಠಿಪುರದ ಪುನರಾಭಿವೃದ್ಧಿಯ ಮಾತು ಬಂದಾಗಲೆಲ್ಲ ಮಾಲೀಕರು, ಕಾಗದವಿರುವ ಬಾಡಿಗೆದಾರರು ಲೆಕ್ಕ ಹಾಕಲು ಕೂರುತ್ತಾರೆ. ಇಪ್ಪತ್ತು ವರ್ಷ ಅದೇ ಮಂಚಕ್ಕೆ ಹಣ ಕೊಟ್ಟವಳ ಹೆಸರು ಯಾವ ಪಟ್ಟಿಗೂ ಬರುವುದಿಲ್ಲ.

ವಿಳಾಸವೇ ಇಲ್ಲದವರಿಗೆ ಡಿಪಾಸಿಟ್ ಕೊಟ್ಟು ಏನು ಪ್ರಯೋಜನ ಎಂದು ನೀವು ಕೇಳಬಹುದು. ಒಂದು ದಾರಿ ಇದೆ. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನೀಡಿದ ನಿರ್ದೇಶನದ ಪ್ರಕಾರ, ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಅಥವಾ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ಕೊಡುವ ಪ್ರಮಾಣಪತ್ರದ ಆಧಾರದಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ವಾಸದ ಪುರಾವೆ ಇಲ್ಲದೆಯೂ ಆಧಾರ್ ದೊರೆಯಬೇಕು, ಮತ್ತು ಅದರಲ್ಲಿ ಅವರ ವೃತ್ತಿಯ ಗುರುತು ಎಲ್ಲೂ ಕಾಣಬಾರದು. ಆಧಾರ್ ಬಂದರೆ ಬ್ಯಾಂಕ್ ಖಾತೆ, ಖಾತೆ ಬಂದರೆ ಕರಾರು. ಆದರೆ ಈ ಕಾಗದಗಳ ಹಿಂದೆ ಓಡಾಡಲು ಜನ ಬೇಕು. ಸಂಘಗಳು ಹಣವನ್ನಷ್ಟೇ ಕೊಟ್ಟು ಕೂರಬಾರದು. ಮರಾಠಿಯ ಅರ್ಜಿ ತುಂಬಬಲ್ಲ ಇಬ್ಬರು ಕನ್ನಡದ ಹುಡುಗಿಯರಿಗೆ ಸಂಬಳ ಕೊಟ್ಟರೂ ದೊಡ್ಡ ಉಪಕಾರವಾದೀತು.

ಸರ್ಕಾರದ ಸಹಾಯ ಇಲ್ಲವೇ ಎಂದು ಕೇಳುವವರಿಗೆ: ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಲ್ಲಿ ಎಚ್‌ಐವಿ ಬಾಧಿತರಿಗೂ ತಿಂಗಳಿಗೆ 1,500 ರೂಪಾಯಿ ಸಿಗುವ ಅವಕಾಶವಿದೆ. ಆದರೆ ವಾರ್ಷಿಕ ಆದಾಯ 21,000 ರೂಪಾಯಿಯ ಒಳಗಿರಬೇಕು ಮತ್ತು ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿದ್ದುದಕ್ಕೆ ದಾಖಲೆ ಬೇಕು. ಮುಂಬಯಿಯಲ್ಲಿ ಉಸಿರಾಡುವ ಯಾರ ಆದಾಯ 21,000ದ ಒಳಗಿದ್ದೀತು ಎಂಬುದನ್ನು ನೀವೇ ಯೋಚಿಸಿ. 

ನಮ್ಮ ರಿಜಿಸ್ಟರಿನಲ್ಲಿ ಚಿಕಿತ್ಸೆ ಬಿಟ್ಟವರು ಎಂದು ದಾಖಲಾದವರ ಹಿಂದೆ ಹೋದಾಗ ಮತ್ತೆ ಮತ್ತೆ ಕಾಣುವ ಸಂಗತಿ ಒಂದೇ. ಮೊದಲು ಕೋಣೆ ಹೋಗಿರುತ್ತದೆ, ಆಮೇಲೆ ಫೋನ್ ನಂಬರು, ಕೊನೆಗೆ ಮಾತ್ರೆ.

ಹೋಟೆಲ್ ಉದ್ಯಮಿ, ಘಾಟ್‌ಕೋಪರ್

ನಮ್ಮ ಉದ್ಯಮದಲ್ಲಿ ಕೆಲಸ ಮತ್ತು ವಸತಿ ಬೇರೆ ಬೇರೆಯಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಉಡುಪಿ ಹೋಟೆಲುಗಳ ಹುಡುಗರು ಮೊದಲು ಟೇಬಲ್ ಸರಿಸಿ ಅಲ್ಲೇ ಮಲಗುತ್ತಿದ್ದರು. ಈಗ ಮಾಲೀಕರೇ ಒಂದು ರೂಮು ಹಿಡಿದು ಎಂಟು ಹತ್ತು ಜನರನ್ನು ಇಟ್ಟಿರುತ್ತಾರೆ. ಆದ್ದರಿಂದ ಕೆಲಸ ಹೋದ ದಿನವೇ ಹಾಸಿಗೆಯೂ ಹೋಗುತ್ತದೆ. ನಾನು ಕೇಳುವುದನ್ನು ಅನ್ಯಥಾ ಭಾವಿಸಬೇಡಿ, ಹಲವು ಮಾಲೀಕರ ಮನಸ್ಸಿನಲ್ಲಿರುವ ಪ್ರಶ್ನೆ ಇದು: ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಕೈ ಕೊಯ್ದುಕೊಂಡರೆ, ಒಂದೇ ಬಾತ್‌ರೂಮನ್ನು ಹತ್ತು ಜನ ಬಳಸಿದರೆ, ಉಳಿದವರಿಗೆ ಅಪಾಯವಿಲ್ಲವೇ? ಗಿರಾಕಿಗಳಿಗೆ ತಿಳಿದರೆ ಏನು ಗತಿ?

ಆಪ್ತಸಮಾಲೋಚಕಿ, ಠಾಣೆ

ಕೇಳಿದ್ದು ಒಳ್ಳೆಯದಾಯಿತು ಸರ್. ಎಚ್‌ಐವಿ ಆಹಾರದಿಂದ, ಪಾತ್ರೆಯಿಂದ, ಶೌಚಾಲಯದಿಂದ, ಸೊಳ್ಳೆಯಿಂದ, ಪಕ್ಕದಲ್ಲಿ ಮಲಗುವುದರಿಂದ ಹರಡುವುದಿಲ್ಲ. ಕೈ ಕೊಯ್ದ ರಕ್ತ ಬಿದ್ದ ತರಕಾರಿಯನ್ನು ಯಾರ ರಕ್ತವಾದರೂ ಎಸೆಯುತ್ತೀರಿ, ಗಾಯಕ್ಕೆ ಪಟ್ಟಿ ಕಟ್ಟುತ್ತೀರಿ. ಅದಕ್ಕಿಂತ ಬೇರೆ ಯಾವ ಎಚ್ಚರಿಕೆಯೂ ಬೇಕಾಗಿಲ್ಲ. ವೈರಾಣು ಪರೀಕ್ಷೆಗೆ ಸಿಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕವೂ ಸೋಂಕು ದಾಟುವುದಿಲ್ಲ. ಗಿರಾಕಿಗಳಿಗೆ ತಿಳಿಯುವ ಪ್ರಶ್ನೆ ಏಳಬೇಕಾದರೆ ಮೊದಲು ಯಾರೋ ಹೇಳಿರಬೇಕು, ಮತ್ತು ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ನಿಮ್ಮ ರೂಮಿನ ನಿಜವಾದ ಅಪಾಯ ಬೇರೆ ದಿಕ್ಕಿನಿಂದ ಬರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಜನರಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಅದು ಗಾಳಿಯಲ್ಲೇ ಹರಡುತ್ತದೆ, ಮತ್ತು ರೋಗನಿರೋಧಕ ಶಕ್ತಿ ಕುಂದಿದ ಎಚ್‌ಐವಿ ಇರುವವರಿಗೆ ಅದು ಎಲ್ಲರಿಗಿಂತ ಮೊದಲು ತಗುಲುತ್ತದೆ. ಅಂದರೆ ಅಪಾಯ ಅವನಿಂದ ಉಳಿದವರಿಗಲ್ಲ, ಕೋಣೆಯಿಂದ ಅವನಿಗೆ. ಗೋವಂಡಿ, ಮಾನಖುರ್ದ್ ಕಡೆಯ ಪುನರ್ವಸತಿ ಕಟ್ಟಡಗಳು ಒಂದಕ್ಕೊಂದು ತಾಗಿಕೊಂಡಂತಿದ್ದು, ಕೆಳಮಹಡಿಗಳಿಗೆ ಬೆಳಕು ಗಾಳಿ ಬಾರದೆ ಕ್ಷಯ ಹೆಚ್ಚಿರುವುದು ಈ ನಗರಕ್ಕೆ ಹೊಸ ಸುದ್ದಿಯಲ್ಲ. ಆದ್ದರಿಂದ ನಿಧಿ ಸ್ಥಾಪಿಸುವವರು ಅಗ್ಗದ ಖೋಲಿಯ ಜೊತೆಗೆ ಕಿಟಕಿಯಿರುವ ಖೋಲಿಯನ್ನೂ ಕೇಳಬೇಕು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಹೈಕೋರ್ಟ್ ವಕೀಲರು, ಫೋರ್ಟ್

ಕಾನೂನಿನ ವಿಷಯ. 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ 3ನೆಯ ಕಲಂ ಎಚ್‌ಐವಿಯ ಕಾರಣಕ್ಕೆ ಮನೆಯನ್ನು ಬಾಡಿಗೆಗೆ ನಿರಾಕರಿಸುವುದನ್ನೂ, ಕೊಳ್ಳಲು ಬಿಡದಿರುವುದನ್ನೂ, ವಾಸವಿರುವವರಿಗೆ ಕಿರುಕುಳ ಕೊಡುವಂಥ ಅನ್ಯಾಯದ ನಡವಳಿಕೆಯನ್ನೂ ತಾರತಮ್ಯವೆಂದು ನಿಷೇಧಿಸುತ್ತದೆ. ಈ ರಕ್ಷಣೆ ಸೋಂಕು ಇರುವವರಿಗೆ ಮಾತ್ರವಲ್ಲ, ಅವರೊಂದಿಗೆ ವಾಸಿಸುವವರಿಗೂ ಅನ್ವಯಿಸುತ್ತದೆ. 8ನೆಯ ಕಲಮಿನಂತೆ ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ತಮ್ಮ ಸ್ಥಿತಿಯನ್ನು ಹೇಳುವಂತೆ ಒತ್ತಾಯಿಸುವಂತಿಲ್ಲ. ಮನೆಯ ಮಾಲೀಕರೂ ಸೊಸೈಟಿಯ ಕಾರ್ಯದರ್ಶಿಯೂ ಇದಕ್ಕೆ ಹೊರತಲ್ಲ. 29ನೆಯ ಕಲಂ ನಮ್ಮ ವಿಧವೆಯರಿಗೆ ಬಹಳ ಮುಖ್ಯ: ಕುಟುಂಬದವರು ಒಟ್ಟಾಗಿ ವಾಸಿಸುವ ಮನೆಯಿಂದ, ಅಥವಾ ಅದರ ಯಾವುದೇ ಭಾಗದಿಂದ, ಇಂಥವರನ್ನು ಹೊರಗಿಡುವಂತಿಲ್ಲ. ಗಂಡ ಸತ್ತ ಮೇಲೆ ಸೊಸೆಯನ್ನು ಗ್ಯಾಲರಿಯಲ್ಲಿ ಮಲಗಿಸಿ, ಬೇರೆ ತಟ್ಟೆ ಕೊಡುವ ಮನೆಗಳಿಗೆ ಈ ಕಲಮನ್ನು ಓದಿ ಹೇಳಬೇಕು.

ದೂರನ್ನು ರಾಜ್ಯದ ಓಂಬುಡ್ಸ್‌ಮನ್‌ಗೆ ಸಲ್ಲಿಸಬಹುದು. ಆದೇಶ 30 ದಿನಗಳೊಳಗೆ ಬರಬೇಕೆಂದು ಕಾಯಿದೆ ಹೇಳುತ್ತದೆ. ನ್ಯಾಯಾಲಯಕ್ಕೆ ಹೋದರೆ ಹೆಸರು ಮರೆಮಾಚಿ ದಾವೆ ನಡೆಸುವ ಅವಕಾಶವೂ ಇದೆ. ಉದ್ಯೋಗ ನಿರಾಕರಣೆಯ ವಿಷಯದಲ್ಲಿ ಬಾಂಬೆ ಹೈಕೋರ್ಟ್ 1997ರಷ್ಟು ಹಿಂದೆಯೇ, ಎಂಎಕ್ಸ್ ಎಂಬ ಅಕ್ಷರಗಳ ಹೆಸರಿನಲ್ಲಿ ಬಂದ ಅರ್ಜಿದಾರರ ಪರವಾಗಿ ತೀರ್ಪು ಕೊಟ್ಟಿತ್ತು.

ಇಷ್ಟು ಹೇಳಿದ ಮೇಲೆ ವೃತ್ತಿಯ ಅನುಭವದಿಂದ ಒಂದು ಕಹಿ ಮಾತನ್ನೂ ಹೇಳಬೇಕು. 11 ತಿಂಗಳು ಮುಗಿದಾಗ ಕರಾರನ್ನು ನವೀಕರಿಸದಿರಲು ಮಾಲೀಕರು ಕಾರಣ ಕೊಡಬೇಕಾಗಿಲ್ಲ. ನಿಜವಾದ ಕಾರಣ ಎಚ್‌ಐವಿಯೇ ಎಂದು ಸಾಬೀತುಪಡಿಸುವುದು ಬಹಳ ಕಷ್ಟ. ಹಾಗಾಗಿ ಕಾನೂನನ್ನು ಕೊನೆಯ ಆಸರೆಯಾಗಿ ಇಟ್ಟುಕೊಂಡು, ಸುದ್ದಿ ಮಾಲೀಕರ ಕಿವಿಗೆ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆಯೇ ಉತ್ತಮ. ಅಂಥ ಸಂದರ್ಭದಲ್ಲಿ ಡಿಪಾಸಿಟ್ಟಿನ ಚೆಕ್ಕಿನ ಮೇಲೆ ‘ಏಡ್ಸ್ ಸಹಾಯ ನಿಧಿ’ ಎಂದು ಅಚ್ಚಾಗಿದ್ದರೆ ಏನಾದೀತು ಎಂಬುದನ್ನು ಮಾಟುಂಗಾದ ಮಾನ್ಯರು ಯೋಚಿಸಲಿ.

ನಿವೃತ್ತ ದಾದಿ, ಮೀರಾ ರೋಡ್

ಕಟ್ಟಡವೇ ಬೇಡ ಎನ್ನುವವರೊಂದಿಗೆ ನಾನು ಒಪ್ಪುವುದಿಲ್ಲ. ಎಲ್ಲರೂ ದಿನಕ್ಕೊಂದು ಮಾತ್ರೆ ನುಂಗಿ ಲೋಕಲ್ ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ. ಇಂದಿಗೂ ರೋಗ ತೀವ್ರವಾದ ಮೇಲೆಯೇ ಪತ್ತೆಯಾಗಿ ಬರುವವರಿದ್ದಾರೆ. ರೋಗನಿರೋಧಕ ಶಕ್ತಿಯನ್ನು ಅಳೆಯುವ ಸಿಡಿ4 ಕೋಶಗಳ ಎಣಿಕೆ 200ಕ್ಕಿಂತ ಕೆಳಗಿಳಿದು, ಕ್ಷಯವೋ ಮಿದುಳಿನ ಸೋಂಕೋ ಆಗಿ, ಆಸ್ಪತ್ರೆಯಿಂದ ಬಿಡುಗಡೆಯಾದರೂ ತಾವಾಗಿ ಎದ್ದು ನೀರು ಕಾಯಿಸಿಕೊಳ್ಳಲಾರದವರು. ಅವರಿಗೆ ಡಿಪಾಸಿಟ್ ಕೊಟ್ಟು ಡೊಂಬಿವಲಿಯ ಖೋಲಿಯಲ್ಲಿ ಬಿಟ್ಟು ಬರುತ್ತೀರಾ?

ಒಂದು ಕಾಲದಲ್ಲಿ ನ್ಯಾಕೋದ ಕಾರ್ಯಕ್ರಮದಲ್ಲೇ ಹಾಸಿಗೆಗಳಿದ್ದ ಸಮುದಾಯ ಆರೈಕೆ ಕೇಂದ್ರಗಳಿದ್ದವು. 2013ರ ನಂತರ ಅವುಗಳ ಜಾಗಕ್ಕೆ ಆರೈಕೆ ಮತ್ತು ಬೆಂಬಲ ಕೇಂದ್ರಗಳು ಬಂದವು. ಅಲ್ಲಿ ಸಮಾಲೋಚನೆ ಇದೆ, ಚಿಕಿತ್ಸೆ ಬಿಟ್ಟವರನ್ನು ಹುಡುಕುವ ಕೆಲಸವಿದೆ, ಸರ್ಕಾರಿ ಯೋಜನೆಗಳಿಗೆ ಜೋಡಿಸುವ ವ್ಯವಸ್ಥೆ ಇದೆ, ಆದರೆ ಮಲಗಲು ಹಾಸಿಗೆ ಇಲ್ಲ. ಕ್ಯಾನ್ಸರಿಗೆ ಟಾಟಾ ಆಸ್ಪತ್ರೆಗೆ ಬರುವವರಿಗೆ ದಾದರಿನ ಗಾಡಗೇ ಮಹಾರಾಜ ಧರ್ಮಶಾಲೆಯಂಥ ಜಾಗವಿದೆ. ನಮ್ಮವರಿಗೆ ಆಸ್ಪತ್ರೆಯ ಹೊರಗಿನ ಫುಟ್‌ಪಾತ್ ಇದೆ. ಪನವೇಲ್ ಬೇಡವೆಂದರೆ ಬೇಡ; ದೊಡ್ಡ ಆಸ್ಪತ್ರೆಗಳಿರುವ ಶೀವ್ (ಸಯನ್), ಪರೇಲ್ ಸುತ್ತ ಎರಡು ಕೋಣೆಯ ಒಂದು ಫ್ಲ್ಯಾಟನ್ನಾದರೂ ಹಿಡಿಯಿರಿ, ಮೂರು ತಿಂಗಳ ಮಟ್ಟಿಗೆ ಇರಿಸಿಕೊಳ್ಳಿ.

ಓದುಗ, ಡೊಂಬಿವಲಿ

ನಾನು ಈ ವೇದಿಕೆಯಲ್ಲಿ ಹಲವು ವರ್ಷಗಳಿಂದ ಇದ್ದೇನೆ, ಆದರೆ ಈ ವಿಷಯವಾಗಿ ಬೇರೆ ಹೆಸರಿನಲ್ಲಿ ಬರೆಯುತ್ತಿದ್ದೇನೆ. ಏಕೆಂದು ನಿಮಗೆ ಅರ್ಥವಾಗುತ್ತದೆ.

ಚಿಕಿತ್ಸೆಯಿಂದ ನನ್ನ ಆರೋಗ್ಯ ಚೆನ್ನಾಗಿದೆ. ಹಂಚಿಕೊಂಡ ಕೋಣೆಯಲ್ಲಿ ಬದುಕುವವರಿಗೆ ದೊಡ್ಡ ತಲೆನೋವು ಮಾತ್ರೆಯಲ್ಲ, ಅದರ ಡಬ್ಬಿ. ಚೀಲದಲ್ಲಿ ಇಟ್ಟರೆ ಸದ್ದಾಗುತ್ತದೆ. ಚೀಟಿ ಕಿತ್ತರೆ ಯಾವ ಡಬ್ಬಿ ಯಾವಾಗ ಮುಗಿಯುತ್ತದೆಂದು ತಿಳಿಯುವುದಿಲ್ಲ. ಬೇರೆ ಪೊಟ್ಟಣಕ್ಕೆ ಸುರಿದರೆ ಮುಂಬಯಿಯ ಮಳೆಗಾಲದಲ್ಲಿ ಮಾತ್ರೆ ಒದ್ದೆಯಾಗಿ ಕೆಡುತ್ತದೆ. ತೇವ ಹೀರಿಕೊಳ್ಳುವ ಪುಟ್ಟ ಪೊಟ್ಟಣವನ್ನು ಡಬ್ಬಿಯ ಒಳಗೆ ಇಟ್ಟಿರುವುದೇ ಆ ಕಾರಣಕ್ಕೆ. ಬೀಗ ಹಾಕಬಹುದಾದ ಒಂದು ಕಪಾಟು ನನ್ನ ಪಾಲಿಗೆ ಅರ್ಧ ಚಿಕಿತ್ಸೆ. ಸಂಘದವರು ಕೋಣೆ ಕೊಡಿಸುವ ಮುಂಚೆ ಹೋಟೆಲ್ ಮಾಲೀಕರು ತಮ್ಮ ಹುಡುಗರಿಗೆಲ್ಲ ಬೀಗವಿರುವ ಒಂದೊಂದು ಖಾನೆ ಮಾಡಿಸಿಕೊಟ್ಟರೆ, ಯಾರು ಏನು ಇಟ್ಟುಕೊಂಡಿದ್ದಾರೆ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ದಾದಿಯಮ್ಮ ಹೇಳಿದ ಮೂರು ತಿಂಗಳ ವ್ಯವಸ್ಥೆಯನ್ನು ನಾನು ಒಪ್ಪುತ್ತೇನೆ. ಧಾಮ ಮಾತ್ರ ಬೇಡ. ಊರಿಂದ ಅಣ್ಣ ಬಂದರೆ ಎಲ್ಲಿ ಇಳಿಸಲಿ? ನಮ್ಮ ಜಾತಿ ಸಂಘಗಳು, ಭಜನಾ ಮಂಡಳಿಗಳು, ಊರಿನ ಮಿತ್ರಮಂಡಳಿಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ಅಂಧೇರಿಯಲ್ಲಿ ಕೆಮ್ಮಿದ್ದು ಕಾರ್ಕಳಕ್ಕೆ ಕೇಳುತ್ತದೆ. ಹಣ ಕೊಡುವವರು ನಮ್ಮವರೇ ಆಗಿರಲಿ, ಆದರೆ ಪಟ್ಟಿ ನೋಡುವವರು ನಮ್ಮವರಾಗದಿರಲಿ ಎಂಬುದು ನನ್ನ ಕೋರಿಕೆ.

ವಾಸ್ಕೋದಿಂದ ಒಬ್ಬರು

ಗೋವಾದ ಅನುಭವ ನಿಮಗೆ ಉಪಯೋಗವಾಗಬಹುದು. ರಕ್ತದಾನ ಮಾಡಿದ್ದ ಡೊಮಿನಿಕ್ ಡಿಸೋಜಾ ಅವರಿಗೆ ಎಚ್‌ಐವಿ ಇರುವುದು ತಿಳಿದಾಗ, 1989ರಲ್ಲಿ ಗೋವಾ ಸರ್ಕಾರ ತನ್ನ ಸಾರ್ವಜನಿಕ ಆರೋಗ್ಯ ಕಾಯಿದೆಯ ಬಲದಿಂದ ಅವರನ್ನು ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಿತ್ತು. ಅದನ್ನೂ ಜನರ ಹಿತಕ್ಕೆಂದೇ ಕರೆದಿದ್ದರು. ಬಿಡುಗಡೆಯಾದ ಮೇಲೆ ಅವರು ‘ಪಾಸಿಟಿವ್ ಪೀಪಲ್’ ಸಂಸ್ಥೆಯನ್ನು ಕಟ್ಟಿದರು, 1992ರಲ್ಲಿ ತೀರಿಕೊಂಡರು. ಪ್ರತ್ಯೇಕ ಕಟ್ಟಡವೆಂದರೆ ನಾನು ಹೆದರುವುದು ಈ ಕಾರಣಕ್ಕೆ.

ಇನ್ನೊಂದು ಸಂಗತಿ ನಮ್ಮ ಕನ್ನಡಿಗರದೇ. ವಾಸ್ಕೋದ ಬೈನಾ ಕಡಲತೀರದಲ್ಲಿ ಉತ್ತರ ಕರ್ನಾಟಕದ, ಆಂಧ್ರದ ಬಹಳ ಮಂದಿ ಹೆಂಗಸರು ಲೈಂಗಿಕ ವೃತ್ತಿಯಲ್ಲಿ ಇದ್ದರು. 2004ರ ಜೂನ್‌ನಲ್ಲಿ, ಮಳೆಗಾಲದ ನಡುವೆ, ಆ ಮನೆಗಳನ್ನು ಕೆಡವಲಾಯಿತು. ಅವರು ಚದುರಿ ಹೋದರು, ದಂಧೆ ಮರೆಗೆ ಸರಿಯಿತು. ಕಾಂಡೋಮ್ ಹಂಚುತ್ತಿದ್ದವರಿಗೆ, ಪರೀಕ್ಷೆಗೆ ಕರೆದೊಯ್ಯುತ್ತಿದ್ದವರಿಗೆ ಅವರನ್ನು ತಲುಪುವುದೇ ಕಷ್ಟವಾಯಿತು. ಉಚಿತ ಎಆರ್‌ಟಿ ದೇಶದಲ್ಲಿ ಆರಂಭವಾಗಿ ಆಗಿನ್ನೂ ಮೂರು ತಿಂಗಳೂ ಕಳೆದಿರಲಿಲ್ಲ. ಕಾಮಾಠಿಪುರದ ಗೋಡೆಗಳು ಬೀಳುವ ಮೊದಲೇ ಅಲ್ಲಿಯವರ ಹೆಸರು, ಎಆರ್‌ಟಿ ಕೇಂದ್ರ, ಮುಂದೆ ಹೋಗಬಹುದಾದ ಊರು, ಇಷ್ಟನ್ನು ಗೋಪ್ಯವಾಗಿ ಬರೆದಿಟ್ಟುಕೊಳ್ಳುವುದು ಕಾರ್ಯಕರ್ತೆಯರ ತುರ್ತಿನ ಕೆಲಸವೆಂದು ನನಗೆ ತೋರುತ್ತದೆ.

ಪುಣೆಯ ಉಪನ್ಯಾಸಕ

ಚಿಕ್ಕ ಸೇರ್ಪಡೆ. ಅಮೆರಿಕದಲ್ಲಿ 1990ರ ಕಾಯಿದೆಯಿಂದ ಬಂದ ಹೋಪ್ವಾ ಎಂಬ ಯೋಜನೆ ಎಚ್‌ಐವಿ ಇರುವ ಬಡವರ ವಸತಿಗೆಂದೇ ಇದೆ. ಅದರಲ್ಲಿ ತಾತ್ಕಾಲಿಕವಾಗಿ ದುಡಿಮೆ ನಿಂತವರ ಬಾಡಿಗೆಯನ್ನು 52 ವಾರಗಳ ಅವಧಿಯಲ್ಲಿ ಗರಿಷ್ಠ 21 ವಾರಗಳವರೆಗೆ ಕಟ್ಟಿ, ಇದ್ದ ಮನೆಯಲ್ಲೇ ಉಳಿಸುವ ಭಾಗವೊಂದಿದೆ. ಡಿಪಾಸಿಟ್ ಪೂರ್ತಿ ಕರಗುವವರೆಗೆ ಕಾಯದೆ, ಕ್ಷಯದ ಚಿಕಿತ್ಸೆಯ ಮೊದಲ ಎರಡು ತಿಂಗಳ ಬಾಡಿಗೆಯನ್ನು ಸಂಘವೇ ಕಟ್ಟಿದರೆ ಖರ್ಚು ಬಹಳ ಕಡಿಮೆಯಾಗುತ್ತದೆ.

ಮಾಟುಂಗಾ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಉಪಸಮಿತಿಗೆ ಕೊಡುವ ಕರಡನ್ನು ಹೀಗೆ ತಿದ್ದುತ್ತಿದ್ದೇನೆ.

ನಿಧಿಯ ಹೆಸರಿನಲ್ಲಿ ಎಚ್‌ಐವಿ ಎಂಬ ಪದವೇ ಇರುವುದಿಲ್ಲ. ದೀರ್ಘಕಾಲದ ಚಿಕಿತ್ಸೆಯಲ್ಲಿರುವ ಎಲ್ಲ ಕನ್ನಡಿಗರಿಗೆ, ಅಂದರೆ ಕ್ಷಯ, ಡಯಾಲಿಸಿಸ್, ಕ್ಯಾನ್ಸರ್ ರೋಗಿಗಳಿಗೂ ಅದು ತೆರೆದಿರುತ್ತದೆ. ಚೆಕ್ ನೋಡಿದ ಮಾಲೀಕರಿಗೆ ಯಾವ ಕಾಯಿಲೆಯೆಂದು ಊಹಿಸಲಾಗದು. ಮೊದಲ ಆದ್ಯತೆ ದುಡಿಮೆ ನಿಂತ ಎರಡು ತಿಂಗಳ ಬಾಡಿಗೆಗೆ, ಎರಡನೆಯದು ಡಿಪಾಸಿಟ್ಟಿಗೆ. ಹತ್ತು ಲಕ್ಷ ರೂಪಾಯಿಯನ್ನು ತಲಾ 40,000ದಂತೆ ಕೊಟ್ಟರೆ 25 ಮನೆಗಳಾಗುತ್ತವೆ. ಡಿಪಾಸಿಟ್ ಮಾಲೀಕರಿಂದ ಸಂಘಕ್ಕೇ ಮರಳುವಂತೆ ಕರಾರಿನಲ್ಲಿ ಬರೆಸಿದರೆ ಅದೇ ಹಣ ಇನ್ನೊಬ್ಬರಿಗೆ ಹೋಗುತ್ತದೆ. ಒಂದಿಷ್ಟು ಮುಳುಗುತ್ತದೆ ಎಂಬುದನ್ನು ದಾನಿಗಳಿಗೆ ಮೊದಲೇ ಹೇಳುತ್ತೇನೆ. ನಿವೃತ್ತ ದಾದಿಯವರ ಮಾತಿನಂತೆ ಆಸ್ಪತ್ರೆಗಳ ಹತ್ತಿರ ಒಂದು ಫ್ಲ್ಯಾಟ್ ಮೂರು ತಿಂಗಳ ವಾಸಕ್ಕೆ, ಅದೂ ಎಲ್ಲ ಕಾಯಿಲೆಯವರಿಗೆ. ಪನವೇಲ್‌ನ ಜಾಗವನ್ನು ಕೈಬಿಡಲು ಶಿಫಾರಸು ಮಾಡುತ್ತೇನೆ.

ಲೆಕ್ಕಪರಿಶೋಧಕರು, ವಾಶಿ

ಯಾರಿಗೆ ಹಣ ಕೊಟ್ಟಿರಿ ಎಂದು ನಾನು ಕೇಳಲೇಬೇಕಾಗುತ್ತದೆ. ಆಗ ಪಟ್ಟಿ ಕೊಡುವುದಿಲ್ಲವೆಂದರೆ ಲೆಕ್ಕಕ್ಕೆ ಸಹಿ ಹಾಕುವುದು ಹೇಗೆ?

ಹೈಕೋರ್ಟ್ ವಕೀಲರು, ಫೋರ್ಟ್

ಹೆಸರು, ಕರಾರಿನ ಪ್ರತಿ, ಮಾಲೀಕರ ರಸೀದಿ, ಇಷ್ಟನ್ನು ನೀವು ನೋಡಬಹುದು. ಲೆಕ್ಕಕ್ಕೆ ಅದು ಸಾಕು. ಕಾಯಿಲೆಯ ಕಾಗದ ಬೇರೆ ಕಡತದಲ್ಲಿ, ಸಂಕೇತ ಸಂಖ್ಯೆಯ ಅಡಿಯಲ್ಲಿ, ಸಂಘದ ಪದಾಧಿಕಾರಿಯಲ್ಲದ ಒಬ್ಬ ವೈದ್ಯರ ಬಳಿ ಇರಲಿ; ಅವರು ಅರ್ಹತೆಯನ್ನು ಪರಿಶೀಲಿಸಿ ಹೌದು ಅಥವಾ ಇಲ್ಲ ಎಂದಷ್ಟೇ ಬರೆದು ಕೊಡಲಿ. ಎಚ್‌ಐವಿಗೆ ಸಂಬಂಧಿಸಿದ ದಾಖಲೆ ಇಟ್ಟುಕೊಳ್ಳುವ ಸಂಸ್ಥೆಗಳು ಅದನ್ನು ರಕ್ಷಿಸಬೇಕೆಂದು 11ನೆಯ ಕಲಮೂ ಹೇಳುತ್ತದೆ. ಡೊಂಬಿವಲಿಯ ಓದುಗರ ಕೋರಿಕೆಗೂ ಇದರಿಂದ ಉತ್ತರ ಸಿಕ್ಕಂತಾಗುತ್ತದೆ.

ಕ್ಷೇತ್ರ ಕಾರ್ಯಕರ್ತೆ, ಗ್ರಾಂಟ್ ರೋಡ್

ವೈದ್ಯರು ಕನ್ನಡ ಬಲ್ಲವರಾಗಿರಲಿ, ಆದರೆ ನಮ್ಮೂರ ಕಡೆಯವರಾಗದಿರಲಿ. ಅರ್ಜಿ ತುಂಬುವ ಇಬ್ಬರ ಸಂಬಳ ಕರಡಿನಲ್ಲಿ ಕಾಣಲಿಲ್ಲ. ದಯವಿಟ್ಟು ಅದನ್ನೂ ಸೇರಿಸಿ. ಇದ್ದ ಕೋಣೆಯನ್ನು ಈ ತಿಂಗಳ ಕೊನೆಗೆ ಬಿಡಬೇಕಾದ ನಾಲ್ಕು ಮಂದಿ ನನ್ನ ಪಟ್ಟಿಯಲ್ಲಿದ್ದಾರೆ, ಅವರಲ್ಲಿ ಇಬ್ಬರಿಗೆ ಇನ್ನೂ ಆಧಾರ್ ಇಲ್ಲ.